ಆರು ಡಿಸ್ಕಸ್ ಮರಿಗಳೂ ಅವ್ವನ ಹಂಡೆಯೂ

ನಮ್ಮ ಮನೆಯಲ್ಲಿ ಎರಡು ಥರ್ಮಾಮೀಟರುಗಳಿವೆ. ಮನುಷ್ಯರದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಮೀನಿನದು ಮಾತ್ರ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯ ಒಳಗೆ ರಬ್ಬರಿನ ಬಿಲ್ಲೆಯಿಂದ ಅಂಟಿಕೊಂಡು, ಹಗಲಿರುಳೂ ಇಪ್ಪತ್ತೊಂಬತ್ತು ಡಿಗ್ರಿ ತೋರಿಸುತ್ತ ಕರ್ತವ್ಯನಿಷ್ಠೆಯಿಂದ ನಿಂತಿರುತ್ತದೆ. ಕಳೆದ ವಾರ ನನಗೆ ಜ್ವರ ಬಂತು. ನನ್ನ ಹೆಂಡತಿ ಗಿರಿಜಾ ಕಪಾಟು, ಡ್ರಾಯರು, ದೇವರ ಗೂಡು ಎಲ್ಲವನ್ನೂ ತಡಕಾಡಿ ಸೋತು, ಕೊನೆಗೆ ಒಂದು ಕೈ ತೊಟ್ಟಿಯ ಗಾಜಿನ ಮೇಲೆ, ಇನ್ನೊಂದು ಕೈ ನನ್ನ ಹಣೆಯ ಮೇಲೆ ಇಟ್ಟು, "ಮೀನಿಗಿಂತ ಬಿಸಿ ಇದೀರ, ಮಾತ್ರೆ ತಗೊಳ್ಳಿ" ಎಂದಳು. ಆರೋಗ್ಯವಾಗಿರುವ ಮನುಷ್ಯನ ಮೈ ಕೂಡ ಆ ತೊಟ್ಟಿಗಿಂತ ಬಿಸಿಯಾಗಿಯೇ ಇರುತ್ತದೆ ಎಂಬುದನ್ನು ವಿವರಿಸಲು ಬಾಯಿ ತೆರೆದೆ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ವಿವರಿಸುವ ಚಟ ಬಿಡುವುದಿಲ್ಲ. ತೆರೆದ ಬಾಯಿಗೆ ಮಾತ್ರೆ ಬಿತ್ತು.

ಹಾಗೆ ಮಲಗಿಕೊಂಡು ತೊಟ್ಟಿಯನ್ನೇ ನೋಡುತ್ತಿದ್ದಾಗ ಇದನ್ನೆಲ್ಲ ಬರೆಯಬೇಕೆನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಮೀನಿನ ವಂಶವಲ್ಲ. ನಾವು ತಲೆಮಾರುಗಳಿಂದ ಶಿವಪೂಜೆ, ವಿಭೂತಿ, ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿಯವರು. ನಾನು ಚಿಕ್ಕವನಿದ್ದಾಗ ಕುಂಸಿಯ ನಮ್ಮ ಮನೆಯಲ್ಲಿ ಮೀನು ಎಂಬ ಪದ ಪಂಚಾಂಗ ಓದುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು, ಅದೂ ರಾಶಿಯಾಗಿ. ಹಾಗಿದ್ದೂ ಒಮ್ಮೆ ನಾನು ಕೆರೆಯಂಚಿನಲ್ಲಿ ಟವೆಲ್ ಬೀಸಿ ಏಳೆಂಟು ಮೀನು ಹಿಡಿದು ಗಾಜಿನ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದೆ. ಅಕ್ಕಿ ಚೀಲದ ಹಿಂದೆ ಬಚ್ಚಿಟ್ಟು, ಹೊತ್ತಿಗೆ ಸರಿಯಾಗಿ ಮಂಡಕ್ಕಿ ಹಾಕುತ್ತಿದ್ದೆ. ಒಂದೆರಡು ವಾರದಲ್ಲಿ ಅವಕ್ಕೆ ಕಾಲು ಬಂದವು. ಇನ್ನೂ ಕೆಲವು ದಿನ ಕಳೆದ ಮೇಲೆ ಅಡುಗೆಮನೆ ತುಂಬ ಕಪ್ಪೆಮರಿಗಳು. ಅಜ್ಜಿ ಪೊರಕೆ ಹಿಡಿದು ಅವನ್ನು ಹಿತ್ತಲಿಗೆ ಅಟ್ಟುತ್ತ, "ನೀನು ಸಾಕಿದ ಚಂದಕ್ಕೆ ಮೀನೂ ಎದ್ದು ಓಡಿಹೋಗ್ತಾವೆ ನೋಡೋ" ಎಂದಿದ್ದಳು. ನಾನು ಕಲಿತ ಕನ್ನಡವೆಲ್ಲ ಇಂಥ ಬೈಗುಳಗಳಿಂದಲೇ ಕಲಿತದ್ದು. ಶಾಲೆಯಲ್ಲಿ ಕಲಿತದ್ದು ವಿಭಕ್ತಿ ಪ್ರತ್ಯಯ ಮಾತ್ರ.

ಅದಾಗಿ ನಾಲ್ಕೂವರೆ ದಶಕದ ಮೇಲೆ ಮತ್ತೆ ಮೀನಿನ ಗಾಳಿ ಬಡಿದದ್ದು ಭದ್ರಾವತಿಯಲ್ಲಿ. ನನ್ನ ಭಾವಮೈದುನನ ಗೃಹಪ್ರವೇಶದ ಕರೆಯೋಲೆ ಹಂಚುವ ಕೆಲಸ ನನಗೆ ಬಂದಿತ್ತು. ನಮ್ಮಲ್ಲಿ ಕರೆಯೋಲೆಯನ್ನು ಫೋನಿನಲ್ಲಿ ಕಳಿಸಿದರೆ ಕರೆದಂತಲ್ಲ. ಮನೆಗೇ ಹೋಗಬೇಕು, ಕೂರಬೇಕು, ಬೇಡ ಬೇಡ ಎನ್ನುತ್ತ ಕಾಫಿ ಕುಡಿಯಬೇಕು. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿದ್ದ ನೆಂಟರೊಬ್ಬರ ಮನೆಗೆ ಹೋದರೆ ಬೀಗ. ಪಕ್ಕದ ಮನೆಯಿಂದ ಲುಂಗಿ ಬನಿಯನ್ನಿನ ಹಿರಿಯರೊಬ್ಬರು ಇಣುಕಿದರು. "ಅವ್ರು ಡಾಕ್ಟರ್ ಹತ್ರ ಹೋಗಿದಾರೆ ಸಾರ್. ಬಿಸಿಲಲ್ಲಿ ಯಾಕೆ ನಿಂತಿದೀರ, ಒಳಗೆ ಬನ್ನಿ."

ಅವರೇ ಸೆಲ್ವರಾಜಣ್ಣ. ಫೌಂಡ್ರಿಯಲ್ಲಿ ಜೀವಮಾನವೆಲ್ಲ ಲೋಹ ಕರಗಿಸಿ ನಿವೃತ್ತರಾದವರು. ಒಳಗೆ ಹೋದೆ. ಮಂಚ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ, ಬೀರು ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ. ಒಳಗೆ ಡಿಸ್ಕಸ್ ಎಂಬ ತಟ್ಟೆಯಂಥ ಮೀನುಗಳು. ಕೆಂಪು, ನೀಲಿ, ಹಳದಿ. ಮದುವೆ ಮನೆಯಲ್ಲಿ ಹೊಸ ಸೀರೆ ಉಟ್ಟು, ಯಾರಾದರೂ ನೋಡಲಿ ಎಂದು ಸುಮ್ಮನೆ ಆಚೀಚೆ ಓಡಾಡುವ ಹೆಂಗಸರಂತೆ ಗಂಭೀರವಾಗಿ ತೇಲುತ್ತಿದ್ದವು. ಒಂದು ತೊಟ್ಟಿಯಲ್ಲಿ ಜೋಡಿಯೊಂದರ ಮೈಗೆ ಸೊಳ್ಳೆಗಾತ್ರದ ಮರಿಗಳು ಮುತ್ತಿಕೊಂಡಿದ್ದವು.

"ಏನು ಮಾಡ್ತಿದಾವೆ ಅಣ್ಣ?"

"ಹಾಲು ಕುಡೀತಿದಾವೆ ಸಾರ್. ಅಪ್ಪ ಅಮ್ಮ ಇಬ್ಬರ ಮೈಮೇಲೂ ಲೋಳೆ ಬರುತ್ತೆ, ಅದೇ ಇವಕ್ಕೆ ಊಟ. ಅಮ್ಮನಿಗೆ ಸುಸ್ತಾದ್ರೆ ಮೈ ಒದರಿ ಅಪ್ಪನ ಮೇಲೆ ಬಿಟ್ಟು ಹೋಗ್ತಾಳೆ."

ನಾನು ಮನಸೋತೆ. ನೆಂಟರು ಬರುವ ಹೊತ್ತಿಗೆ ನಾನು ಆರು ಮರಿ ಗೊತ್ತುಮಾಡಿಕೊಂಡಾಗಿತ್ತು. ಆರಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಸೆಲ್ವರಾಜಣ್ಣನ ಹಟ; ಇಬ್ಬರೇ ಇದ್ದರೆ ಒಬ್ಬ ಇನ್ನೊಬ್ಬನನ್ನು ಕುಕ್ಕಿ ಸಾಯಿಸುತ್ತಾನೆ, ಆರು ಜನ ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ಕೂಡುಕುಟುಂಬದ ತತ್ತ್ವವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಾನು ಮುದ್ದಾಗಿ ಕಂಡ, ದೊಡ್ಡ ಕಣ್ಣಿನ ಮರಿಗಳನ್ನೇ ಬೆರಳು ಮಾಡಿ ತೋರಿಸಿದೆ. ಅವರು ತಲೆ ಚಚ್ಚಿಕೊಂಡರು. "ಹೆಣ್ಣು ನೋಡೋಕೆ ಬಂದಿದೀರಾ ಸಾರ್? ಮೈಗಿಂತ ಕಣ್ಣು ದೊಡ್ಡದು ಅಂದ್ರೆ ಮೀನು ಉಪವಾಸ ಇದೆ ಅಂತ ಅರ್ಥ. ಸಣ್ಣ ಕಣ್ಣಿಂದು ತಗೊಳ್ಳಿ."

ಬಿಸ್ಕತ್ತಿನಷ್ಟು ಅಗಲದ ಆರು ಮರಿಗಳು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ನನ್ನ ತೊಡೆಯ ಮೇಲೆ ಕೂತು ಖಾಸಗಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದವು. ಕರೆಯೋಲೆ ಜೇಬಿನಲ್ಲೇ ಉಳಿದಿತ್ತು. ಆ ನೆಂಟರು ಇವತ್ತಿಗೂ ನಮ್ಮೊಡನೆ ಮಾತಾಡುವುದಿಲ್ಲ.

ಸವಳಂಗ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ಗಿರಿಜಾ ಮತ್ತು ನನ್ನ ಅವ್ವ. ಅವ್ವನಿಗೆ ಎಂಬತ್ತರ ಹತ್ತಿರ. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ. ಮರಿಗಳಿಗೆ ದಿನಕ್ಕೆ ಐದು ಹೊತ್ತು ಊಟ, ಅದರಲ್ಲಿ ಎರಡು ಹೊತ್ತು ಕೆಂಪು ಹುಳ, ಆ ಹುಳ ಇರಬೇಕಾದದ್ದು ನಮ್ಮ ಫ್ರಿಜ್ಜಿನ ಐಸಿನ ಅರೆಯಲ್ಲಿ ಎಂದು ತಿಳಿದಾಗ ಗಿರಿಜಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಅವ್ವ ತೀರ್ಪು ಕೊಟ್ಟಳು. "ಅವು ತಿನ್ನೋದು ಅವು ತಿಂತಾವೆ, ಬಿಡೇ. ಅವಕ್ಕೇನು ದೀಕ್ಷೆ ಆಗಿದೆಯಾ? ಒಂದು ಡಬ್ಬಿಗೆ ಹಾಕಿ ಮೇಲೆ 'ಇವನದು' ಅಂತ ಬರಿ. ಇವನ ಡಬ್ಬಿ ಅಂದ್ರೆ ಯಾರೂ ಮುಟ್ಟಲ್ಲ."

ತೀರ್ಪು ಕೊಟ್ಟವಳು ಅಷ್ಟಕ್ಕೇ ನಿಲ್ಲಲಿಲ್ಲ. ಕುರ್ಚಿಯನ್ನು ಟಿವಿಯ ಕಡೆಯಿಂದ ತೊಟ್ಟಿಯ ಕಡೆಗೆ ತಿರುಗಿಸಿಕೊಂಡಳು. ಧಾರಾವಾಹಿಯ ಅತ್ತೆ ಸೊಸೆಯರಿಗಿಂತ ಇಲ್ಲಿ ಜಗಳ ಜಾಸ್ತಿ, ನಡುವೆ ಜಾಹೀರಾತೂ ಇಲ್ಲ. ಉಳಿದವರನ್ನೆಲ್ಲ ಮೂಲೆಗೆ ಅಟ್ಟಿ ಊಟದ ಜಾಗ ಹಿಡಿದುಕೊಳ್ಳುವ ಮೀನಿಗೆ ತನ್ನ ದಿವಂಗತ ನಾದಿನಿಯ ನೆನಪಿನಲ್ಲಿ ಗೌರಕ್ಕ ಎಂದು ಹೆಸರಿಟ್ಟಳು. ಎಲ್ಲರಿಂದಲೂ ಪೆಟ್ಟು ತಿನ್ನುವ, ಎಲ್ಲಕ್ಕಿಂತ ಸಣ್ಣದು ಪುಟ್ಟಿ. ಉಳಿದ ನಾಲ್ಕಕ್ಕೆ ಹೆಸರಿಲ್ಲ. ಅವು "ಆ ಕಡೆಯವರು". ಚಳಿಗಾಲದ ಬೆಳಗಿನಲ್ಲಿ ಮನೆಯವರೆಲ್ಲ ಶಾಲು ಹೊದ್ದು ನಡುಗುವಾಗ ಮೀನುಗಳಿಗೆ ಮಾತ್ರ ಹೀಟರು. ಅವ್ವ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಕಾಯಿಸಿಕೊಳ್ಳುತ್ತ, "ಏನೇ ಗೌರಕ್ಕ, ಇಲ್ಲೂ ಬಂದ್ಯಾ, ಇಲ್ಲೂ ನಿಂದೇ ಕಾರುಬಾರಾ?" ಎಂದು ವಿಚಾರಿಸುವಳು. ಐವತ್ತು ವರ್ಷ ನಾದಿನಿಗೆ ಕೊಡದ ಉತ್ತರಗಳನ್ನೆಲ್ಲ ಮೀನಿಗೆ ಕೊಟ್ಟು ಮುಗಿಸಿದಳು.

ಡಿಸ್ಕಸ್ ಮರಿ ಸಾಕುವುದೆಂದರೆ ಮೀನು ಸಾಕುವುದಲ್ಲ, ನೀರು ಹೊರುವುದು. ಐದು ಹೊತ್ತು ತಿಂದರೆ ಐದು ಹೊತ್ತಿನ ಹೊಲಸೂ ಇರುತ್ತದಲ್ಲ. ದಿನಾ ಅರ್ಧ ತೊಟ್ಟಿ ನೀರು ತೆಗೆದು ಹೊಸದು ತುಂಬಬೇಕು. ಹೊಸದೆಂದರೆ ನಲ್ಲಿಯಿಂದ ನೇರ ಬಂದದ್ದಲ್ಲ, ಅರ್ಧ ದಿನವಾದರೂ ಹಿಡಿದಿಟ್ಟು ಕ್ಲೋರಿನ್ ಹೋದದ್ದು. ಹಾಗಾಗಿ ನಮ್ಮ ಬಚ್ಚಲಲ್ಲಿ ಸಾಲಾಗಿ ಎಂಟು ಬಕೆಟ್ಟುಗಳು ನಿಂತವು. ಸ್ನಾನಕ್ಕೆ ಹೋದವರು ಒಂಟಿಕಾಲಿನಲ್ಲಿ ಮಾಡಬೇಕು. ಒಂದು ದಿನ ಗಿರಿಜಾ ಎಡವಿ ಮೂರು ಬಕೆಟ್ ಉರುಳಿಸಿ, "ಮೀನಾದ್ರೂ ಇರಬೇಕು, ಇಲ್ಲಾ ನಾನಾದ್ರೂ ಇರಬೇಕು" ಎಂದಳು. ನಾನು ಉತ್ತರಕ್ಕೆ ತುಸು ಹೊತ್ತು ತೆಗೆದುಕೊಂಡದ್ದು ತಪ್ಪಾಯಿತು.

ಆಗ ಅವ್ವ, "ಹಿತ್ತಲಲ್ಲಿ ಹಂಡೆ ಇಲ್ವೇನೋ?" ಎಂದಳು.

ಇತ್ತು. ಅವ್ವ ಮದುವೆಯಾಗಿ ಬರುವಾಗ ತವರಿನವರು ಕೊಟ್ಟ ತಾಮ್ರದ ಹಂಡೆ. ಎರಡಾಳು ಹಿಡಿದರೂ ಅಲುಗದಂಥದ್ದು. ನಾವೆಲ್ಲ ಅದರ ಬಿಸಿನೀರಿನಲ್ಲೇ ಮಿಂದು ಬೆಳೆದವರು. ಛಾವಣಿಯ ಮೇಲೆ ಸೋಲಾರ್ ಬಂದ ಮೇಲೆ ಅದು ಹಿತ್ತಲಿನಲ್ಲಿ ಕರಿ ಹಿಡಿದು ಬೋರಲಾಗಿ ಬಿದ್ದಿತ್ತು. ಅವ್ವ ಮಂಡಿನೋವು ಮರೆತು, ಮಣೆ ಹಾಕಿಕೊಂಡು ಕೂತು, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದಳು. ಹಂಡೆ ಮದುಮಗಳಂತೆ ಹೊಳೆಯಿತು.

"ತಾಮ್ರ ಮೀನಿಗೆ ಆಗುತ್ತೇನ್ರಿ?" ಎಂದು ಗಿರಿಜಾ ಕೇಳಿದಳು.

ಎಷ್ಟು ಸಣ್ಣ ಪ್ರಶ್ನೆ ನೋಡಿ. ನಾನು ಅದಕ್ಕೆ ಅರ್ಧ ಗಂಟೆ ಪಾಠ ಮಾಡಿದೆ. ತಾಮ್ರದ ಪಾತ್ರೆಯ ನೀರಿನ ಮಹಿಮೆ, ನಮ್ಮ ಹಿರಿಯರ ಜ್ಞಾನ, ಬೆಳಗೆದ್ದು ನಾವೇ ಒಂದು ಚೊಂಬು ಕುಡಿಯುವುದಿಲ್ಲವೇ, ತಾಮ್ರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಇತ್ಯಾದಿ. 'ಕೊಲ್ಲುತ್ತದೆ' ಎನ್ನುವಲ್ಲಿ ನಾನು ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹುಳಿಯೂ ತಾಮ್ರವೂ ಸೇರಿದರೆ ಏನಾಗುತ್ತದೆಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಂಕ ಕೊಡುವವನು ನಾನು. ಆ ವಿದ್ಯೆ ಕಾಲೇಜಿನ ಗೇಟಿನಿಂದ ಆಚೆ ಬಂದದ್ದೇ ಇಲ್ಲ.

ಅವ್ವನಿಗೆ ಹುರುಪು ಬಂತು. ದಿನಾ ಬೆಳಿಗ್ಗೆ ಹಂಡೆ ಖಾಲಿಯಾದ ಕೂಡಲೇ ಮತ್ತೆ ಹುಣಸೆಹಣ್ಣು, ಮತ್ತೆ ತಿಕ್ಕುವುದು. "ಎಳೇ ಮಕ್ಕಳು, ನೀರು ಚೊಕ್ಕ ಇರಬೇಕು" ಎನ್ನುವಳು. ಸಾರಿಗೆ ಹುಣಸೆಹಣ್ಣು ಸಾಲದೆ ಬಂದಾಗ ಗಿರಿಜಾ ಟೊಮೇಟೊ ಹಾಕಿದಳು.

ವಾರ ಕಳೆಯುವಷ್ಟರಲ್ಲಿ ಮರಿಗಳು ಕಪ್ಪಾದವು. ಕೆಂಪು, ಹಳದಿ ಎಲ್ಲ ಹೋಗಿ ಇದ್ದಲು ಬಣ್ಣ. ರೆಕ್ಕೆ ಮುದುಡಿಕೊಂಡು, ತಲೆ ತಗ್ಗಿಸಿ, ಮೂಲೆಯಲ್ಲಿ ಗುಂಪಾಗಿ ನಿಂತು ಏದುಸಿರು ಬಿಡತೊಡಗಿದವು. ಹುಳ ಹಾಕಿದರೆ ಗೌರಕ್ಕನೂ ಮುಖ ತಿರುಗಿಸಿದಳು. ಸೆಲ್ವರಾಜಣ್ಣನಿಗೆ ಫೋನು ಮಾಡಿದೆ.

"ಹೀಟರ್ ಸರಿ ಇದೆಯಾ ಸಾರ್?"

"ಇದೆ ಅಣ್ಣ."

"ಹಂಗಾದ್ರೆ ನೀರು ಜಾಸ್ತಿ ಬದಲಾಯಿಸಿ. ಡಿಸ್ಕಸ್‌ಗೆ ನೀರೇ ಊಟ, ನೀರೇ ಔಷಧಿ."

ಬದಲಾಯಿಸಿದೆ. ದಿನಕ್ಕೆ ಒಂದು ಸಲ ಇದ್ದದ್ದು ಎರಡು ಸಲ ಮಾಡಿದೆ. ಅವ್ವ ಹಂಡೆಯನ್ನೂ ಎರಡು ಸಲ ತಿಕ್ಕಿದಳು. ನಾವಿಬ್ಬರೂ ಸೇರಿ ಎಷ್ಟು ಶ್ರದ್ಧೆಯಿಂದ ವಿಷ ಹಾಕಿದೆವೆಂದರೆ, ಶತ್ರುಗಳಾಗಿದ್ದರೆ ಇಷ್ಟು ಮಾಡುತ್ತಿರಲಿಲ್ಲ. ಮೂರನೆಯ ದಿನ 'ಆ ಕಡೆಯವರಲ್ಲಿ' ಒಬ್ಬರು ಅಡ್ಡ ಮಲಗಿ ತೇಲಿದರು. ಅವ್ವ ನನ್ನನ್ನು ದಾಸವಾಳದ ಬುಡಕ್ಕೆ ಕಳಿಸಿದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು. ಅಂಗೈಯಲ್ಲಿ ಆ ಬಿಲ್ಲೆಯನ್ನು ಹಿಡಿದು ನಾನು ಹೇಗೆಂದು ತಿಳಿಯದೆ ಅವಳ ಮುಖ ನೋಡಿದೆ. "ಇದನ್ನ ಎಲ್ಲಿ ಕೂರಿಸ್ತೀಯಾ, ಮಲಗಿಸೇ ಹೂಳು" ಎಂದಳು. ವಿಭೂತಿ ಚಿಟಿಕೆ ಮಾತ್ರ ಬಿಡಲಿಲ್ಲ.

ಅಂದು ಅವ್ವ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಗಾಜಿನ ಮುಂದೆ ಕೂತು, "ಪುಟ್ಟಿ ಉಳೀತದೇನೋ?" ಎಂದು ಕೇಳಿದಳು. ಮತ್ತೆ ಫೋನು ಮಾಡಿದೆ. "ಏನೂ ಮುಟ್ಬೇಡಿ, ನಾನೇ ಬರ್ತೀನಿ" ಎಂದರು ಸೆಲ್ವರಾಜಣ್ಣ.

ಒಂದೂವರೆ ಗಂಟೆಯಲ್ಲಿ ಬಂದರು. ಎರಡು ಕೈಯಲ್ಲಿ ಎರಡು ಕ್ಯಾನು, ತಮ್ಮ ಮನೆಯ ನೀರು. ತೊಟ್ಟಿಯನ್ನು ಬಗ್ಗಿ ನೋಡಿದರು, ನೀರು ಮೂಸಿದರು, ಹೀಟರು ನೋಡಿದರು. "ಎಲ್ಲಾ ಸರಿ ಇದೆಯಲ್ಲ ಸಾರ್. ನೀರು ಎಲ್ಲಿ ಹಿಡಿದಿಡ್ತೀರ, ತೋರ್ಸಿ."

ಅವ್ವ ಗೋಡೆ ಹಿಡಿದುಕೊಂಡು ತಾನೇ ಮುಂದೆ ನಡೆದಳು. "ಬಾರಪ್ಪ, ನೋಡು. ಒಂದು ಕಲೆ ಇದ್ರೆ ಹೇಳು. ದಿನಾ ಹುಣಸೆಹಣ್ಣು ಹಾಕಿ ನಾನೇ ತಿಕ್ಕೋದು."

ಹಿತ್ತಲಿನ ಬಿಸಿಲಿನಲ್ಲಿ ಹಂಡೆ ಥಳಥಳ ಎನ್ನುತ್ತಿತ್ತು. ಜೀವಮಾನವೆಲ್ಲ ಕುಲುಮೆಯ ಮುಂದೆ ನಿಂತ ಮನುಷ್ಯ ಅದನ್ನು ನೋಡಿ ಹಾಗೇ ನಿಂತುಬಿಟ್ಟರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಸಾರ್, ನೀವು ಕಾಲೇಜಲ್ಲಿ ಏನು ಪಾಠ ಮಾಡ್ತೀರ ಅಂದ್ರಿ?"

ನನಗೆ ಆಗ ಹೊಳೆಯಿತು. ಪೂರ್ತಿ ಸಮೀಕರಣ, ಎಡಬದಿ ಬಲಬದಿ ಸಮೇತ. ಹಿಂದಿನಿಂದ ಗಿರಿಜಾ, "ಕೆಮಿಸ್ಟ್ರಿ ಅಣ್ಣ" ಎಂದು ನನ್ನ ಪರವಾಗಿ ಉತ್ತರಿಸಿದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ" ಎಂದರು ಸೆಲ್ವರಾಜಣ್ಣ ಅವ್ವನಿಗೆ. "ತಾಮ್ರ ನಮಗೆ ಒಂದು ಚೊಂಬು ಆಗುತ್ತೆ. ಮೀನು ಅದ್ರೊಳಗೇ ಉಸಿರಾಡ್ಬೇಕಲ್ವಾ? ಹುಳಿ ಹಾಕಿ ತಿಕ್ಕಿದಷ್ಟೂ ತಾಮ್ರ ಹೊಸದಾಗಿ ನೀರಿಗಿಳಿಯುತ್ತೆ. ಕರಿ ಹಿಡಿದಿದ್ರೇ ವಾಸಿ ಇತ್ತು."

ಅವ್ವ ಹಂಡೆಯನ್ನು ನೋಡಿದಳು. ಸೆಲ್ವರಾಜಣ್ಣನನ್ನು ನೋಡಿದಳು. "ಹಂಗಾದ್ರೆ ಇವರಪ್ಪ ಮದುವೇಲಿ ಕೆಂಪಗಿದ್ದೋರು ಆಮೇಲೆ ಕಪ್ಪಾದದ್ದೂ ಇದ್ರಿಂದಾನೇ ಇರ್ಬೇಕು" ಎಂದಳು. ಗಿರಿಜಾ ನಗು ತಡೆಯಲಾರದೆ ಒಳಗೆ ಓಡಿದಳು. ಸೆಲ್ವರಾಜಣ್ಣ ಕೆಮ್ಮಿದರು. ಅವ್ವ ಮಾತ್ರ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅಂಗೈ ನೋಡಿಕೊಂಡಳು. ಹುಣಸೆಹಣ್ಣಿನಿಂದ ಬೆರಳ ತುದಿಗಳು ಬಿರಿದಿದ್ದವು. "ದಿನಾ ತಿಕ್ಕಿದ್ದು ನಾನೇ ಅಲ್ವೇನೋ" ಎಂದಳು.

"ಅವ್ವ, ಪಾಠ ಮಾಡಿದ್ದು ನಾನು."

"ನಿನ್ನ ಪಾಠ ಯಾರು ಕೇಳ್ತಾರೆ. ತಿಕ್ಕಿದ್ದು ನಾನು."

ಉಳಿದ ಐದು ಮರಿಗಳನ್ನು ತಮ್ಮ ಕ್ಯಾನಿನ ನೀರಿಗೆ ಹಾಕಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ಸೆಲ್ವರಾಜಣ್ಣ ಭದ್ರಾವತಿಗೆ ಹೊರಟರು. ಅವ್ವ ಗೇಟಿನವರೆಗೆ ಹೋಗಿ, "ಪುಟ್ಟಿನ ಗೌರಕ್ಕನ ಜೊತೆ ಹಾಕ್ಬೇಡಪ್ಪ" ಎಂದು ಕೂಗಿದಳು.

ಆಮೇಲಿನ ಆರು ವಾರ ನನ್ನ ಫೋನು ಅವ್ವನದಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. "ತಿಂದ್ವಾ? ಎಷ್ಟು? ಬಣ್ಣ ಬಂತಾ? ಪುಟ್ಟಿ?" ಆ ಕಡೆಯಿಂದ ಸೆಲ್ವರಾಜಣ್ಣ ಬಾಣಂತಿಯ ತವರಿನವರಂತೆ ತಾಳ್ಮೆಯಿಂದ ವರದಿ ಕೊಡುವರು. ಗೌರಕ್ಕ ಎರಡನೇ ವಾರಕ್ಕೇ ತಿಂದಳು. ಉಳಿದ ಮೂವರಿಗೂ ಬಣ್ಣ ಬಂತು. ಪುಟ್ಟಿಯ ವಿಷಯ ಬಂದಾಗ ಮಾತ್ರ, "ಇದಾಳಮ್ಮ" ಎಂದಷ್ಟೇ ಹೇಳುವರು. ಅಷ್ಟರಲ್ಲಿ ನಮ್ಮ ಹಿತ್ತಲಿಗೆ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು ಬಂದಿತ್ತು. ಅದನ್ನು ಆರಿಸಲು ಅಂಗಡಿಗೆ ಗಿರಿಜಾ ಒಬ್ಬಳೇ ಹೋದಳು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕರೆದುಕೊಂಡು ಬರಲು ಅವ್ವನೂ ಹೊರಟಳು. ಎಷ್ಟೋ ತಿಂಗಳಿಂದ ಮನೆಯ ಗೇಟು ದಾಟದವಳು, ನನ್ನ ಭುಜ ಹಿಡಿದು ಬಸ್ಸು ಹತ್ತಿ, ಭದ್ರಾವತಿಯಲ್ಲಿ ಆಟೋದಿಂದ ಇಳಿದು, ಸೆಲ್ವರಾಜಣ್ಣನ ಮನೆಯ ಸ್ಟೂಲಿನ ಮೇಲೆ ತೊಟ್ಟಿಗೆ ಮೂಗು ತಾಗುವಂತೆ ಕೂತಳು. ಐದೂ ಇದ್ದವು. ಅವುಗಳಲ್ಲಿ ನಾಲ್ಕು ಮೀನು ಅಂಗೈಯಗಲ ಆಗಿ, ಕೆಂಡದಂತೆ ಬಣ್ಣ ಏರಿ, ಆಗಲೇ ಜಗಳ ಶುರುಮಾಡಿದ್ದವು. ಪುಟ್ಟಿ ಮಾತ್ರ ಬಿಸ್ಕತ್ತಿನಷ್ಟೇ ಇತ್ತು. ಬಣ್ಣ ಬಂದಿತ್ತು, ಮೈ ಬಂದಿರಲಿಲ್ಲ.

ಸೆಲ್ವರಾಜಣ್ಣ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು. "ಅಮ್ಮಾ, ಒಂದು ಮಾತು. ಇದು ಇನ್ನು ಬೆಳೆಯಲ್ಲ. ಮರಿಯಾಗಿದ್ದಾಗ ಪೆಟ್ಟು ಬಿದ್ರೆ ಡಿಸ್ಕಸ್ ಅಲ್ಲಿಗೇ ನಿಂತುಬಿಡುತ್ತೆ. ಇದನ್ನ ಇಲ್ಲೇ ಬಿಡಿ, ನಾನು ನೋಡ್ಕೋತೀನಿ. ಬದಲಿಗೆ ಆ ತೊಟ್ಟಿಯಿಂದ ನಿಮಗೆ ಇಷ್ಟ ಬಂದದ್ದು ತೋರ್ಸಿ, ಹಿಡಿದುಕೊಡ್ತೀನಿ."

ಅವ್ವ ಆ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಡೆ ಬೆರಳು ಮಾಡಿದಳು. "ಇವನು ಐವತ್ತೆಂಟು ವರ್ಷ ಆದ್ರೂ ಬೆಳೀಲಿಲ್ಲ. ನಾನೇನು ಬದಲಾಯಿಸ್ಕೊಂಡು ಬಂದ್ನಾ? ಅದನ್ನೇ ಹಿಡಿ."

ಸೆಲ್ವರಾಜಣ್ಣ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಬಲೆ ತೆಗೆದುಕೊಂಡರು.

ನಾಲ್ಕು ದೊಡ್ಡವು ನಾಲ್ಕು ನಿಮಿಷದಲ್ಲಿ ಚೀಲಕ್ಕೆ ಬಂದವು. ಗೌರಕ್ಕನಂತೂ ಕರೆಯೋಲೆ ಬಂದವಳ ಹಾಗೆ ತಾನಾಗಿಯೇ ಬಲೆಯೊಳಗೆ ನಡೆದಳು. ಉಳಿದದ್ದು ಪುಟ್ಟಿ. ಬಲೆ ಎಡಕ್ಕೆ ಬಂದರೆ ಬಲಕ್ಕೆ, ಬಲಕ್ಕೆ ಬಂದರೆ ಹೀಟರಿನ ಹಿಂದೆ, ಅಲ್ಲಿಂದ ಪೈಪಿನ ಸಂದಿ. ಸೆಲ್ವರಾಜಣ್ಣನ ಕೈ ಭುಜದವರೆಗೂ ನೆನೆಯಿತು. ಕನ್ನಡಕಕ್ಕೆ ನೀರು ಹಾರಿತು. ಹತ್ತು ನಿಮಿಷವಾದರೂ ಸಿಗಲಿಲ್ಲ. ಅವ್ವ ಸ್ಟೂಲಿನ ಅಂಚಿಗೆ ಜಾರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜಿಗೆ ಹಣೆ ಒತ್ತಿದ್ದಳು.

"ಹಾಂ, ಹಂಗೆ! ಆ ಕಡೆ, ಆ ಕಡೆ ಓಡೇ ಮಾರಾಯ್ತಿ! ತಪ್ಪಿಸ್ಕೋ!"

ಸೆಲ್ವರಾಜಣ್ಣ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಏದುಸಿರು ಬಿಡುತ್ತ ತಿರುಗಿದರು. "ಅಮ್ಮಾ, ಮನೆಗೆ ಕರ್ಕೊಂಡು ಹೋಗೋರು ನೀವೇ. ನೀವು ನನ್ನ ಕಡೇನೋ, ಮೀನಿನ ಕಡೇನೋ?"

ಅವ್ವ ಗಾಜಿನಿಂದ ಹಣೆ ತೆಗೆಯಲಿಲ್ಲ.

"ಸುಮ್ನಿರಪ್ಪ, ಅದು ಗೆಲ್ತಾ ಇದೆ."